ಬೌದ್ಧಿಕ ವೈಕಲ್ಯವುಳ್ಳವರ ಹಿರಿಯ ಪೋಷಕರಿಗೆ ನೆರವು: ಭಾರತದಲ್ಲಿ ಬೆಳೆದುಬಂದ ಬಗೆ

ಬೌದ್ಧಿಕ ಅಥವಾ ಬೆಳವಣಿಗೆಯ ವೈಕಲ್ಯವಿರುವ ವಯಸ್ಕ ಮಕ್ಕಳನ್ನು ಇಳಿವಯಸ್ಸಿನಲ್ಲೂ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವ ತಂದೆತಾಯಿ, ಒಡಹುಟ್ಟಿದವರು ಮತ್ತು ಬಂಧುಗಳಿಗೆ ಕಾನೂನು, ಹಣಕಾಸು, ವಸತಿ ಹಾಗೂ ತರಬೇತಿಯ ರೂಪದಲ್ಲಿ ದೊರೆಯುವ ಸಹಾಯ. ಭಾರತದಲ್ಲಿ ಇದರ ಚರಿತ್ರೆ "ನಮ್ಮ ನಂತರ ಈ ಮಗುವಿನ ಗತಿಯೇನು?" ಎಂಬ ಪೋಷಕರ ಪ್ರಶ್ನೆಯ ಸುತ್ತ ಬೆಳೆದಿದೆ. ಪೋಷಕರು ತೀರಿಹೋದ ಮೇಲಿನ ಏರ್ಪಾಡಿಗೆ ಸಿಕ್ಕಷ್ಟು ಗಮನ, ಅವರು ಬದುಕಿದ್ದೂ ಕೈಲಾಗದ ವರ್ಷಗಳಿಗೆ ಸಿಕ್ಕಿಲ್ಲ.

ಹಿನ್ನೆಲೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಡೌನ್ ಸಿಂಡ್ರೋಮ್ ಇದ್ದ ಮಕ್ಕಳು ಹತ್ತು ವರ್ಷ ಬದುಕುವುದೂ ಅಪರೂಪವಾಗಿತ್ತು. ಆ್ಯಂಟಿಬಯೋಟಿಕ್‌ಗಳು ಮತ್ತು ಹೃದಯ ಶಸ್ತ್ರಚಿಕಿತ್ಸೆ ಬಂದ ಮೇಲೆ, ಮುಂದುವರಿದ ದೇಶಗಳಲ್ಲಿ ಅವರ ಸರಾಸರಿ ಆಯುಷ್ಯ 60 ವರ್ಷದ ಆಸುಪಾಸಿಗೆ ಏರಿತು. ಹೀಗೆ ಎಂಬತ್ತರ ತಾಯಿ ಐವತ್ತರ ಮಗನಿಗೆ ಸ್ನಾನ ಮಾಡಿಸಿ ಉಣಿಸಬೇಕಾದ ಹೊಸ ಪರಿಸ್ಥಿತಿ ಹುಟ್ಟಿತು. ಭಾರತದಲ್ಲಿ ಈ ಹೊಣೆಯನ್ನು ಕೂಡುಕುಟುಂಬ ಹಂಚಿಕೊಳ್ಳುತ್ತಿತ್ತು. ಕುಟುಂಬಗಳು ಚಿಕ್ಕದಾದಂತೆ ಅದು ಒಬ್ಬಿಬ್ಬರ ಹೆಗಲಿಗೆ ಬಿತ್ತು. 2011ರ ಜನಗಣತಿ ದೇಶದಲ್ಲಿ ಬುದ್ಧಿಮಾಂದ್ಯತೆ ಇರುವ ಸುಮಾರು 15 ಲಕ್ಷ ಜನರನ್ನು ಗುರುತಿಸಿತು.

ಪೋಷಕರ ಸಂಘಟನೆಗಳು

ಆರಂಭದ ಪ್ರಯತ್ನಗಳು ಮನೆಯ ಅಗತ್ಯದಿಂದಲೇ ಹೊರಟವು. ಮುಂಬೈಯ ಜೈ ವಕೀಲ್ ಅವರು ತಮ್ಮ ಮಗಳಿಗಾಗಿ 1944ರಲ್ಲಿ ಶಾಲೆ ತೆರೆದರು. ಬೆಂಗಳೂರಿನಲ್ಲಿ 1960ರಲ್ಲಿ ಬುದ್ಧಿಮಾಂದ್ಯರಿಗಾಗಿ ಎ.ಎಂ.ಎಚ್. ಸಂಸ್ಥೆ ಆರಂಭವಾಯಿತು. 1984ರಲ್ಲಿ ಸಿಕಂದರಾಬಾದಿನಲ್ಲಿ ಈ ಕ್ಷೇತ್ರದ ರಾಷ್ಟ್ರೀಯ ಸಂಸ್ಥೆ ಸ್ಥಾಪನೆಯಾಯಿತು. ಅದು 1990ರ ದಶಕದಲ್ಲಿ ಸೇರಿಸಿದ ಪೋಷಕರ ಸಭೆಗಳಿಂದ 1995ರಲ್ಲಿ 'ಪರಿವಾರ್' ಎಂಬ ರಾಷ್ಟ್ರೀಯ ಒಕ್ಕೂಟ ರೂಪುಗೊಂಡಿತು. ಇದರ ಕಚೇರಿ ಬೆಂಗಳೂರಿನಲ್ಲಿದೆ.

ಪಾಲಕತ್ವದ ತೊಡಕು

1890ರ ಪಾಲಕರು ಮತ್ತು ಪಾಲಿತರ ಕಾಯಿದೆ ಅಪ್ರಾಪ್ತ ವಯಸ್ಕರಿಗಷ್ಟೇ ಅನ್ವಯಿಸುತ್ತದೆ. ಮಗುವಿಗೆ 18 ತುಂಬಿದೊಡನೆ ತಂದೆತಾಯಿಯ ಸಹಿಗೆ ಬೆಲೆ ಇಲ್ಲದಾಗುತ್ತಿತ್ತು. 1912ರ ಲೂನಸಿ ಕಾಯಿದೆ ಬುದ್ಧಿಮಾಂದ್ಯತೆಯನ್ನು ಮಾನಸಿಕ ಕಾಯಿಲೆಯ ಜೊತೆಗೇ ಸೇರಿಸಿತ್ತು. ಅದರ ಬದಲಿಗೆ ಬಂದ 1987ರ ಮಾನಸಿಕ ಆರೋಗ್ಯ ಕಾಯಿದೆ ಇವೆರಡನ್ನೂ ಬೇರ್ಪಡಿಸಿತು. ಈ ಬದಲಾವಣೆ ಸರಿಯಾದದ್ದೇ; ಆದರೆ ವಯಸ್ಕ ಮಕ್ಕಳಿಗೆ ಪಾಲಕರನ್ನು ನೇಮಿಸುವ ದಾರಿ ಅದರಿಂದ ಮುಚ್ಚಿಹೋಯಿತು. 1995ರ ಅಂಗವಿಕಲರ ಕಾಯಿದೆಯಲ್ಲೂ ಇದಕ್ಕೆ ಪರಿಹಾರವಿರಲಿಲ್ಲ.

ನ್ಯಾಷನಲ್ ಟ್ರಸ್ಟ್

ಪೋಷಕರ ಒತ್ತಾಯದ ಫಲವಾಗಿ 1999ರಲ್ಲಿ ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಮತ್ತು ಬಹುವೈಕಲ್ಯಗಳಿಗೆ ಸಂಬಂಧಿಸಿದ ನ್ಯಾಷನಲ್ ಟ್ರಸ್ಟ್ ಕಾಯಿದೆ ಜಾರಿಗೆ ಬಂತು. ಇದಕ್ಕೆ 100 ಕೋಟಿ ರೂಪಾಯಿ ಮೂಲನಿಧಿ ದೊರೆಯಿತು. ತಂದೆತಾಯಿ ಅಥವಾ ಪಾಲಕರು ತೀರಿಹೋದಾಗ ಆರೈಕೆ ಮತ್ತು ರಕ್ಷಣೆ ಒದಗಿಸುವುದನ್ನು ಕಾಯಿದೆ ತನ್ನ ಉದ್ದೇಶಗಳಲ್ಲಿ ಒಂದಾಗಿ ಹೇಳಿತು. ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಮತ್ತು ವೈಕಲ್ಯವುಳ್ಳ ವ್ಯಕ್ತಿ ಸೇರಿದ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸುತ್ತದೆ. ನೇಮಕಗೊಂಡವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ ಪ್ರತಿ ವರ್ಷ ಲೆಕ್ಕಪತ್ರವನ್ನೂ ಸಲ್ಲಿಸಬೇಕು.

ಟ್ರಸ್ಟ್‌ನ 'ನಿರಾಮಯ' ಯೋಜನೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ನೀಡುತ್ತದೆ. 'ಘರೌಂದಾ' ವಯಸ್ಕರಿಗೆ ಜೀವನಪೂರ್ತಿ ನೆಲೆ ಒದಗಿಸುವ ಸಮೂಹ ಗೃಹಗಳ ಯೋಜನೆ. 'ಸಹಯೋಗಿ' ಆರೈಕೆದಾರರಿಗೆ ತರಬೇತಿ ಕೊಡುತ್ತದೆ.

2007ರಲ್ಲಿ ಭಾರತ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆ, ವೈಕಲ್ಯವುಳ್ಳವರ ನಿರ್ಧಾರದ ಹಕ್ಕನ್ನು ಎತ್ತಿಹಿಡಿದು ಪೂರ್ಣ ಪಾಲಕತ್ವವನ್ನು ಪ್ರಶ್ನಿಸಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಸೀಮಿತ ಪಾಲಕತ್ವವನ್ನು ತಂದಿತು. ಇದೂ ನ್ಯಾಷನಲ್ ಟ್ರಸ್ಟ್ ಕಾಯಿದೆಯೂ ಈಗ ಜೊತೆಜೊತೆಗೆ ಜಾರಿಯಲ್ಲಿವೆ.

ತೆರಿಗೆ ಮತ್ತು ಪಿಂಚಣಿ

ಆದಾಯ ತೆರಿಗೆಯ 80ಡಿಡಿ ಸೆಕ್ಷನ್ ಪೋಷಕರಿಗೆ 75,000 ರೂಪಾಯಿ, ತೀವ್ರ ವೈಕಲ್ಯವಿದ್ದರೆ 1,25,000 ರೂಪಾಯಿ ಕಡಿತ ಕೊಟ್ಟಿತು. ಆದರೆ ಅದಕ್ಕೆ ಒಳಪಟ್ಟ ವಿಮಾ ಪಾಲಿಸಿಗಳ ಹಣ ಪೋಷಕರ ಮರಣದ ನಂತರವೇ ಮಗುವಿಗೆ ಸಿಗುತ್ತಿತ್ತು. ನಿವೃತ್ತರಾಗಿ ಸಂಬಳ ನಿಂತ ವರ್ಷಗಳಲ್ಲಿ, ಅಂದರೆ ಹೆಚ್ಚು ಬೇಕಾದ ಹೊತ್ತಿನಲ್ಲಿ, ಆ ಹಣ ಕೈಗೆ ಬರುತ್ತಿರಲಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಯಮವನ್ನು ತಾನೇ ಬದಲಿಸಲು ಒಪ್ಪದೆ, ಮರುಪರಿಶೀಲಿಸುವಂತೆ ಕೇಂದ್ರಕ್ಕೆ ಹೇಳಿತು. 2022ರ ಹಣಕಾಸು ಕಾಯಿದೆ ಈ ಷರತ್ತನ್ನು ಸಡಿಲಿಸಿತು: ಪೋಷಕರಿಗೆ 60 ತುಂಬಿ ಕಂತು ಕಟ್ಟುವುದು ನಿಂತ ಮೇಲೆ, ಅವರು ಬದುಕಿರುವಾಗಲೇ ಹಣ ಬರುವಂತಾಯಿತು. ಕೇಂದ್ರ ಸರ್ಕಾರಿ ನೌಕರರ ವಿಕಲಚೇತನ ಮಕ್ಕಳಿಗೆ ಜೀವಮಾನದ ಕುಟುಂಬ ಪಿಂಚಣಿ ಮೊದಲೇ ಇತ್ತು. ಅದರ ಆದಾಯ ಮಿತಿಯನ್ನು 2021ರಲ್ಲಿ ಸಡಿಲಿಸಲಾಯಿತು.

ಆರೈಕೆದಾರರ ಭತ್ಯೆ

ಬ್ರಿಟನ್ 1995ರ ಕಾನೂನಿನಲ್ಲಿ, ಅಮೆರಿಕ 2000ದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಆರೈಕೆದಾರರನ್ನೇ ನೆರವು ಬೇಕಾದವರೆಂದು ಗುರುತಿಸಿದವು. ಭಾರತದಲ್ಲಿ ಕೇರಳ 2010ರಲ್ಲಿ 'ಆಶ್ವಾಸಕಿರಣಂ' ಯೋಜನೆಯ ಮೂಲಕ ಈ ದಾರಿ ಹಿಡಿಯಿತು. ಹೆಚ್ಚಿನ ಬೆಂಬಲ ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡಲು 2016ರ ಕಾಯಿದೆ ಅವಕಾಶ ಮಾಡಿತು. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್ ಮತ್ತು ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ ಕರ್ನಾಟಕ 2024-25ರ ಬಜೆಟ್‌ನಲ್ಲಿ ಘೋಷಿಸಿತು. ಬೌದ್ಧಿಕ ವೈಕಲ್ಯ ಆ ಪಟ್ಟಿಯಲ್ಲಿರಲಿಲ್ಲ.

ಸ್ಥಿತಿಗತಿ

2007ರ ಹಿರಿಯ ನಾಗರಿಕರ ಕಾಯಿದೆ ಮುಪ್ಪಿನಲ್ಲಿ ಮಕ್ಕಳು ತಂದೆತಾಯಿಯನ್ನು ಸಲಹುತ್ತಾರೆಂದು ನಂಬಿ ನಡೆಯುತ್ತದೆ. ವಿಕಲಚೇತನರ ಯೋಜನೆಗಳು ಮಕ್ಕಳನ್ನು ಸಲಹಲು ತಂದೆತಾಯಿಗೆ ಶಕ್ತಿಯಿದೆಯೆಂದು ನಂಬುತ್ತವೆ. ಎರಡೂ ಎಣಿಕೆಗಳು ತಪ್ಪುವ ಮನೆಗಳಿಗಾಗಿಯೇ ರೂಪಿಸಿದ ಪ್ರತ್ಯೇಕ ಕೇಂದ್ರ ಕಾನೂನು ಭಾರತದಲ್ಲಿ ಇನ್ನೂ ಬಂದಿಲ್ಲ.