ಹುಲ್ಲಿನ ಬೇರಿಗೆ ಕಟ್ಟಿದ ಮರಳು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಪ್ ಕಾಡ್ ಕಡಲತೀರದಲ್ಲಿ ನಿಂತವರಿಗೆ ಮರಳ ದಿಬ್ಬಗಳು ಅನಾದಿಕಾಲದಿಂದಲೂ ಬೋಳಾಗಿಯೇ ಇದ್ದವೆನಿಸುತ್ತದೆ. ಆದರೆ ಪ್ರಾವಿನ್ಸ್‌ಟೌನ್ ಬಳಿ ಒಂದು ಕಾಲಕ್ಕೆ ಕಾಡಿತ್ತು. ಯುರೋಪಿನಿಂದ ಬಂದು ನೆಲೆಸಿದವರು ಮರ ಕಡಿದರು, ದನ ಮೇಯಿಸಿದರು. ಬೇರಿನ ಹಿಡಿತ ತಪ್ಪಿದ ಮರಳು ಗಾಳಿಗೆದ್ದು ಊರು, ಬಂದರಿನತ್ತ ಸರಿಯತೊಡಗಿತು. ಬಂದರನ್ನು ಉಳಿಸಲು 1714ರಲ್ಲೇ ಮರಗಳ ರಕ್ಷಣೆಗೆ ಕಾನೂನು ಬಂತು. ಮುಂದೆ ಹುಲ್ಲು ನೆಟ್ಟು ಮರಳನ್ನು ತಡೆಯುವ ಕೆಲಸ ನಡೆಯಿತು. 1961ರಲ್ಲಿ ಅಧ್ಯಕ್ಷ ಕೆನಡಿ ಅವರ ಸಹಿಯೊಂದಿಗೆ ಈ ತೀರ ರಾಷ್ಟ್ರೀಯ ಸಂರಕ್ಷಿತ ಪ್ರದೇಶವಾಯಿತು.

ಇಲ್ಲಿ ಪೈಪಿಂಗ್ ಪ್ಲವರ್ ಎಂಬ ಪುಟ್ಟ ಹಕ್ಕಿ ಬರಿ ಮರಳಿನಲ್ಲೇ ಮೊಟ್ಟೆಯಿಡುತ್ತದೆ. ಮೊಟ್ಟೆಗೂ ಮರಳಿನದೇ ಬಣ್ಣ. ನಡೆಯುವವರ ಕಣ್ಣಿಗೆ ಬೀಳದು. ಅದಕ್ಕೆಂದೇ ಗೂಡಿನ ಸುತ್ತ ಹಗ್ಗ ಕಟ್ಟುತ್ತಾರೆ. ಹುಲ್ಲು ತುಳಿದರೂ ಮರಳು ಮತ್ತೆ ಸಡಿಲವಾದೀತು. ಹಗ್ಗದ ಈಚೆಗೇ ನಿಲ್ಲುವ ಪ್ರವಾಸಿ ಮುನ್ನೂರು ವರ್ಷಗಳ ಹಿಂದೆ ಆರಂಭವಾದ ಕೆಲಸವನ್ನೇ ಮುಂದುವರಿಸುತ್ತಾನೆ.