ಸಿಂಬೆಯ ಮೇಲಿನ ಹೊರೆ

ಮುಂಬೈಯ ರೇ ರೋಡ್ ಸ್ಟೇಷನ್ ಹತ್ತಿರ, ದಾರೂಖಾನಾ ಕಡೆ ಹೋದರೆ ‘ಲಕ್ಡಿ ಬಂದರ್’ ಅನ್ನೋ ಜಾಗ ಸಿಗುತ್ತದೆ. ಹೈದರಾಬಾದಿನ ಓದುಗರಿಗೆ ಲಕ್ಡೀ ಕಾ ಪೂಲ್ ಗೊತ್ತು, ಪುಣೆಯವರಿಗೆ ಲಕ್ಡಿ ಪೂಲ್ ಗೊತ್ತು. ಆ ಎರಡೂ ಹೆಸರು ಮರದ ಸೇತುವೆಯಿಂದ ಬಂದವು. ಮುಂಬೈಯ ಹೆಸರು ಮಾತ್ರ ದೋಣಿಗಳಿಂದ ಇಳಿಸುತ್ತಿದ್ದ ಮರದ್ದು. ಅಡುಗೆ ಅನಿಲ ಬರುವ ಮುಂಚೆ ಈ ಊರಿನ ಒಲೆಗಳು ಉರಿಯುತ್ತಿದ್ದದ್ದು ಸೌದೆ ಮತ್ತು ಇದ್ದಿಲಿನಿಂದ. ಅದರಲ್ಲಿ ಒಂದಷ್ಟು ಪಾಲು ಕರಾವಳಿಯ ಕಾಡುಗಳಿಂದ ಹಡಗು, ಮಚವೆಗಳಲ್ಲಿ ಬರುತ್ತಿತ್ತು. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಬಾಂಬೆ ಪ್ರೆಸಿಡೆನ್ಸಿಗೆ ಸೇರಿತು. ಆಮೇಲೆ ಅಲ್ಲಿನ ಕಾಡಿಗೂ ಈ ಊರಿಗೂ ಇದ್ದ ನಂಟು ಇನ್ನಷ್ಟು ಗಟ್ಟಿಯಾಯಿತು.

ಇಷ್ಟು ಸಂಗತಿ ಪುಸ್ತಕಗಳಲ್ಲಿ ಸಿಗುತ್ತದೆ. ಸಿಗದಿರುವುದು ಬೇರೆ ಒಂದು ಪ್ರಶ್ನೆಗೆ ಉತ್ತರ: ಆ ಸೌದೆಯನ್ನು ಒಲೆಯ ತನಕ ತಂದವರು ಯಾರು, ಅವರ ಕೈಯಲ್ಲಿ ಇದ್ದದ್ದು ಏನು? ಇವತ್ತು ನಿಮ್ಮ ಜೊತೆ ಮಾತಾಡಬೇಕು ಅಂತಿರೋದು ಇದರ ಬಗ್ಗೆಯೇ. ಮನೆ ಸೌದೆಗೆ ಮೂರು ಕೆಲಸ ಇರುತ್ತದೆ: ಕಡಿಯೋದು, ಒಡೆಯೋದು, ಹೊರೋದು. ಮೊದಲಿನ ಎರಡಕ್ಕೆ ಸಲಕರಣೆ ಬಂತು, ಬೆಳೆಯಿತು, ಯಂತ್ರವೂ ಆಯಿತು. ಮೂರನೆಯದಕ್ಕೆ ಸಿಕ್ಕಿದ್ದು ಒಂದು ಹಗ್ಗ, ಒಂದು ಸಿಂಬೆ. ಈ ವ್ಯತ್ಯಾಸ ಸುಮ್ಮನೆ ಆದದ್ದಲ್ಲ.

ಮೊದಲು ಒಡೆಯುವ ಸಲಕರಣೆ ನೋಡೋಣ. ಮರ ಕಡಿಯುವ ಕೊಡಲಿ ಬೇರೆ, ಸೌದೆ ಒಡೆಯುವ ಕೊಡಲಿ ಬೇರೆ ಅನ್ನೋದು ನಗರದಲ್ಲಿ ಹುಟ್ಟಿದ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಕಡಿಯುವ ಕೊಡಲಿಯ ಅಲಗು ತೆಳು, ಹರಿತ. ಅದು ಮರದ ನಾರನ್ನು ಅಡ್ಡಕ್ಕೆ ಕತ್ತರಿಸಬೇಕು. ಒಡೆಯುವ ಕೊಡಲಿ ದಪ್ಪ, ಭಾರ. ಅದು ಕತ್ತರಿಸುವುದಕ್ಕಿಂತ ಹೆಚ್ಚಾಗಿ ನಾರನ್ನು ಉದ್ದಕ್ಕೆ ಎರಡು ಕಡೆ ತಳ್ಳುತ್ತದೆ. ತೆಳು ಕೊಡಲಿಯಲ್ಲಿ ಒಡೆಯಲು ಹೋದರೆ ಅದು ತುಂಡಿನೊಳಗೆ ಸಿಕ್ಕಿಹಾಕಿಕೊಳ್ಳುತ್ತದೆ, ಬಿಡಿಸೋದೇ ಒಂದು ಕೆಲಸ. ಗಂಟು ಇರುವ ದಿಮ್ಮಿಗೆ ಕೊಡಲಿಯೂ ಸಾಲದು. ಆಗ ಬಿರುಕಿಗೆ ಕಬ್ಬಿಣದ ಬೆಣೆ ಇಟ್ಟು ಸಮ್ಮಟಿಗೆಯಿಂದ ಹೊಡೆಯಬೇಕು. ಕೆಳಗೆ ಒಂದು ದಪ್ಪ ಕೊರಡು ಇಡುವುದು ಯಾಕೆಂದರೆ, ಪೆಟ್ಟಿನ ಬಲ ಮೆತ್ತನೆ ಮಣ್ಣಿಗೆ ಹೋಗಬಾರದು, ಅಲಗು ಕಲ್ಲಿಗೆ ತಾಗಬಾರದು.

ಸೌದೆ ಒಡೆಯುವುದು ಒಲೆಯ ಬಾಯಿಗೆ ಹಿಡಿಸಲಿ ಅಂತ ಮಾತ್ರ ಅಲ್ಲ. ಆಗ ತಾನೇ ಕಡಿದ ಹಸಿ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ತೊಗಟೆ ಆ ನೀರನ್ನು ಒಳಗೇ ಹಿಡಿದಿಡುತ್ತದೆ. ಒಡೆದಾಗ ಒಳಮೈ ಗಾಳಿಗೆ ತೆರೆದುಕೊಂಡು ಬೇಗ ಒಣಗುತ್ತದೆ. ಹಸಿ ಸೌದೆ ಉರಿಸಿದರೆ ಬೆಂಕಿಯ ಶಾಖದಲ್ಲಿ ಒಂದು ಪಾಲು ಆ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ, ಉಳಿಯುವುದು ಹೊಗೆ. ಕರಾವಳಿಯಲ್ಲಿ ಜೂನ್ ಮಳೆಗೆ ಮುಂಚೆ ಸೌದೆ ಒಡೆದು, ಒಣಗಿಸಿ, ಕೊಟ್ಟಿಗೆಯಲ್ಲೋ ಒಲೆ ಮೇಲಿನ ಅಟ್ಟದಲ್ಲೋ ಪೇರಿಸಿಡುತ್ತಿದ್ದದ್ದು ಇದಕ್ಕೇ. ನಗರದ ವಖಾರಿಯಲ್ಲಿ, ಸೌದೆ ಡಿಪೋದಲ್ಲಿ ತೂಕದ ಲೆಕ್ಕದಲ್ಲಿ ಕೊಂಡವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತಿತ್ತು. ತಕ್ಕಡಿಯಲ್ಲಿ ಹಸಿ ಸೌದೆ ಇದ್ದರೆ ನೀವು ದುಡ್ಡು ಕೊಡುತ್ತಿದ್ದದ್ದು ನೀರಿಗೆ.

ಕೊಡಲಿಗೆ ಇನ್ನೊಂದು ಅಂಗ ಇದೆ, ಅದು ಕಾವು. ‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಅನ್ನೋ ಗಾದೆ ಕೇಳಿರುತ್ತೀರಿ. ಮರದಿಂದ ಮಾಡಿದ ಕಾವೇ ಮರಕ್ಕೆ ಮೃತ್ಯುವಾಗುವ ಮಾತು ಅದು. ಆದರೆ ಕಾವಿನ ಬಗ್ಗೆ ನಮ್ಮಲ್ಲಿ ಬೇರೆ ಒಂದು ನೆನಪೂ ಇದೆ. ಅಬೂದಾವೂದ್ ಹದೀಸ್ ಸಂಗ್ರಹದಲ್ಲಿ ಬರುವ ಪ್ರಸಂಗ. ಅನ್ಸಾರ್ ಒಬ್ಬರು ಸಹಾಯ ಕೇಳಿ ಪ್ರವಾದಿ ಮುಹಮ್ಮದ್ (ಸ) ಅವರ ಬಳಿ ಬರುತ್ತಾರೆ. ಮನೆಯಲ್ಲಿ ಇರುವುದು ಒಂದು ಒರಟು ಬಟ್ಟೆ, ನೀರು ಕುಡಿಯುವ ಒಂದು ಪಾತ್ರೆ. ಅವೆರಡನ್ನೂ ಅಲ್ಲೇ ಹರಾಜು ಹಾಕಿದಾಗ ಎರಡು ದಿರ್ಹಮ್ ಬರುತ್ತದೆ. ಒಂದರಲ್ಲಿ ಮನೆಗೆ ಆಹಾರ, ಇನ್ನೊಂದರಲ್ಲಿ ಕೊಡಲಿ. ಆ ಕೊಡಲಿಗೆ ಪ್ರವಾದಿಯವರು ತಮ್ಮ ಕೈಯಾರೆ ಕಾವು ಹಾಕಿಕೊಡುತ್ತಾರೆ. ಸೌದೆ ಕಡಿದು ಮಾರಿ, ಹದಿನೈದು ದಿನ ಈ ಕಡೆ ಬರಬೇಡಿ ಅನ್ನುತ್ತಾರೆ. ಆ ಮನುಷ್ಯ ಹತ್ತು ದಿರ್ಹಮ್ ದುಡಿದುಕೊಂಡು ಬರುತ್ತಾರೆ.

ಈ ಪ್ರಸಂಗವನ್ನು ದುಡಿಮೆಯ ಘನತೆಯ ಪಾಠವಾಗಿ ನಾವೆಲ್ಲ ಕೇಳಿದ್ದೇವೆ. ಇತಿಹಾಸದ ವಿದ್ಯಾರ್ಥಿಯಾಗಿ ಅದನ್ನು ಮತ್ತೊಮ್ಮೆ ಓದಿ ನೋಡಿ. ಅಲ್ಲಿ ಉಪದೇಶ ಬರುವ ಮುಂಚೆ ಸಲಕರಣೆ ಬಂದಿದೆ. ದುಡಿ ಅಂತ ಹೇಳಿದ್ದು ಕೈಗೆ ಕೊಡಲಿ ಕೊಟ್ಟ ಮೇಲೆ. ಈ ಅಳತೆಗೋಲನ್ನು ಹೊರುವವರ ಕಡೆ ತಿರುಗಿಸಿದರೆ ಏನು ಕಾಣುತ್ತದೆ?

ಹೊರುವ ಕೆಲಸ ಹಳ್ಳಿಗಳಲ್ಲಿ ಹೆಚ್ಚಾಗಿ ಹೆಣ್ಣುಮಕ್ಕಳದ್ದು. ಅವರು ತರುತ್ತಿದ್ದದ್ದು ದೊಡ್ಡ ದಿಮ್ಮಿ ಅಲ್ಲ. ಒಣಗಿ ಬಿದ್ದ ರೆಂಬೆ, ಪುಳ್ಳೆ, ತೆಂಗಿನ ಗರಿ. ಅವರ ಸಲಕರಣೆ ಒಂದು ಕತ್ತಿ, ತೆಂಗಿನ ನಾರಿನ ಹಗ್ಗ ಇಲ್ಲವೇ ಕಾಡಿನ ಬಳ್ಳಿ, ಮತ್ತೆ ತಲೆ ಮೇಲಿಡುವ ಸಿಂಬೆ. ಹಳೆ ಸೀರೆಯ ತುಂಡನ್ನೋ ಒಣಹುಲ್ಲನ್ನೋ ಬಳೆಯಂತೆ ಸುತ್ತಿದರೆ ಸಿಂಬೆ ಆಯಿತು. ಉತ್ತರ ಕರ್ನಾಟಕದವರು ಸಿಂಬಿ ಅನ್ನುತ್ತಾರೆ. ನೋಡಲು ಏನೂ ಅಲ್ಲ, ಆದರೆ ಅದರೊಳಗೂ ಲೆಕ್ಕ ಇದೆ. ಒಂದೇ ಬಿಂದುವಿನ ಮೇಲೆ ಬೀಳುವ ಭಾರವನ್ನು ಅದು ಹರಡುತ್ತದೆ, ಹೊರೆ ಉರುಳದಂತೆ ತಡೆಯುತ್ತದೆ, ಕೈಗೆ ಬಿಡುವು ಕೊಡುತ್ತದೆ. ಆದರೆ ಭಾರ ಕಡಿಮೆ ಮಾಡೋದಿಲ್ಲ. ಕತ್ತು, ಬೆನ್ನುಮೂಳೆ, ಮಂಡಿ ಅಷ್ಟನ್ನೂ ಹೊರಲೇಬೇಕು.

ಒಂದು ದೊಡ್ಡ ಹೊರೆಯನ್ನು ಒಬ್ಬರೇ ತಲೆಗೆ ಎತ್ತಿಕೊಳ್ಳುವುದು ಕಷ್ಟ, ಎತ್ತಿಕೊಡಲು ಇನ್ನೊಬ್ಬರು ಬೇಕು. ಒಮ್ಮೆ ನೆಲಕ್ಕೆ ಇಳಿಸಿದರೆ ಮತ್ತೆ ಎತ್ತಿಕೊಡುವವರು ದಾರಿಯಲ್ಲಿ ಸಿಗಬೇಕಲ್ವಾ? ಅದಕ್ಕೆ ಹಿಂದಿನವರು ದಾರಿ ಬದಿಯಲ್ಲಿ ತಲೆಮಟ್ಟದ ಹೊರೆಗಲ್ಲು ನಿಲ್ಲಿಸಿದರು. ಎರಡು ಕಂಬದ ಮೇಲೆ ಒಂದು ಅಡ್ಡಗಲ್ಲು, ಅಷ್ಟೇ. ಬಗ್ಗದೆ ಹೊರೆ ಜಾರಿಸಿ, ಸುಧಾರಿಸಿಕೊಂಡು, ಮತ್ತೆ ತಲೆಗೆ ತೆಗೆದುಕೊಳ್ಳಬಹುದು. ಚೆನ್ನೈಯಲ್ಲಿರುವವರು ತಮಿಳುನಾಡಿನ ಹಳ್ಳಿ ದಾರಿಗಳಲ್ಲಿ ಇದನ್ನೇ ‘ಸುಮೈತಾಂಗಿ’ ಅನ್ನೋ ಹೆಸರಲ್ಲಿ ನೋಡಬಹುದು. ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣುಮಕ್ಕಳ ನೆನಪಿಗೆ ಅದನ್ನು ನಿಲ್ಲಿಸುವ ರೂಢಿ ಅಲ್ಲಿತ್ತು. ಇಳಿಯದೇ ಹೋದ ಆಕೆಯ ಭಾರಕ್ಕೆ ಬದಲು ಬೇರೆಯವರ ಭಾರ ಇಳಿಯಲಿ ಅಂತ. ತಲೆಹೊರೆಗಾಗಿ ಊರೇ ಸೇರಿ ಮಾಡಿದ ಸಲಕರಣೆ ಅಂದರೆ ಇದೊಂದೇ ಇರಬೇಕು.

ಗಾಡಿ ಇರಲಿಲ್ಲವೇ ಅಂತ ನೀವು ಕೇಳಬಹುದು. ಇತ್ತು. ಎತ್ತು ಇದ್ದವರಿಗೆ ಗಾಡಿ, ಗಂಡಸರ ಹೆಗಲಿಗೆ ಕಾವಡಿ, ನಗರದ ವಖಾರಿಯಿಂದ ಮನೆಗೆ ಹಾಥ್‌ಗಾಡಿ. ಆದರೆ ಕಾಡಿನ ಅಂಚಿನಲ್ಲಿ ಗಾಡಿಗೂ ತಲೆಗೂ ನಡುವೆ ಕಾನೂನು ಒಂದು ಗೆರೆ ಎಳೆಯಿತು. 1865ರಲ್ಲಿ ಮೊದಲ ಅರಣ್ಯ ಕಾಯ್ದೆ, 1878ರಲ್ಲಿ ಅದಕ್ಕಿಂತ ಬಿಗಿಯಾದದ್ದು, 1927ರಲ್ಲಿ ಭಾರತೀಯ ಅರಣ್ಯ ಕಾಯ್ದೆ. ಅದುವರೆಗೆ ಊರಿನ ಕಾಡಾಗಿದ್ದದ್ದು ಸರ್ಕಾರದ ಮೀಸಲು ಅರಣ್ಯವಾಯಿತು. 1927ರ ಕಾಯ್ದೆಯ 52ನೇ ಸೆಕ್ಷನ್ ಓದಿ ನೋಡಿ. ಅರಣ್ಯ ಅಪರಾಧ ಆಗಿದೆ ಅನ್ನಿಸಿದರೆ ಉತ್ಪನ್ನದ ಜೊತೆಗೆ ಅದಕ್ಕೆ ಬಳಸಿದ ಹತಾರು, ದೋಣಿ, ಗಾಡಿ, ದನಕರು ಎಲ್ಲವನ್ನೂ ಅಧಿಕಾರಿ ಜಪ್ತಿ ಮಾಡಬಹುದು. ಸಲಕರಣೆಯ ಪಟ್ಟಿಯೇ ಕಾನೂನಿನೊಳಗೆ ಬಂದಿದೆ! ಬಡವನೊಬ್ಬ ಸೌದೆ ಕಳೆದುಕೊಂಡರೆ ಒಂದು ದಿನದ ನಷ್ಟ, ಎತ್ತು ಗಾಡಿ ಕಳೆದುಕೊಂಡರೆ ಬದುಕೇ ನಷ್ಟ. ಹೀಗಿರುವಾಗ ಕಾಡಿಗೆ ಗಾಡಿ ಒಯ್ಯುವ ಧೈರ್ಯ ಯಾರಿಗಿರುತ್ತದೆ? ಒಣ ಕಟ್ಟಿಗೆಯನ್ನು ತಲೆಹೊರೆಯಲ್ಲಿ ಒಯ್ದರೆ ನೋಡಿಯೂ ನೋಡದಂತೆ ಬಿಡುವುದು ಅನೇಕ ಕಡೆ ರೂಢಿಯಾಯಿತು. ತಲೆಯನ್ನು ಜಪ್ತಿ ಮಾಡಲು ಆಗುವುದಿಲ್ಲವಲ್ಲ.

ಇದರ ವಿರುದ್ಧ ಜನ ಎದ್ದದ್ದೂ ಸಲಕರಣೆ ಹಿಡಿದೇ. ಮುಂಬೈ ಬಂದರಿನ ಆಚೆ ದಡದಲ್ಲಿ, ಉರಣ್ ಕಡೆಯ ಚಿರ್ನೇರ್ ಅನ್ನೋ ಹಳ್ಳಿ ಇದೆ. 1930ರ ಸೆಪ್ಟೆಂಬರ್ 25ರಂದು ಅಲ್ಲಿನ ರೈತರು, ಆದಿವಾಸಿಗಳು ಕಾಡಿಗೆ ಹೋಗಿ, ಕಾನೂನು ಮುರಿದು ಮರ ಕಡಿದರು. ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಅದೇ ವರ್ಷಗಳಲ್ಲಿ ಉತ್ತರ ಕನ್ನಡದಲ್ಲೂ ಕಾಯ್ದೆಭಂಗ ಚಳವಳಿಯ ಭಾಗವಾಗಿ ಅರಣ್ಯ ಕಾನೂನು ಮುರಿದರು. ಉಪ್ಪಿನ ಸತ್ಯಾಗ್ರಹದ ಬಗ್ಗೆ ಎಲ್ಲ ಪಠ್ಯಪುಸ್ತಕದಲ್ಲೂ ಇದೆ. ಸೌದೆ, ಸೊಪ್ಪಿನ ಸತ್ಯಾಗ್ರಹ ಅಷ್ಟಾಗಿ ಕಾಣಿಸುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಎಷ್ಟು ಬದಲಾಯಿತು? 1948ರ ಕಾರ್ಖಾನೆ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಗಂಡಸರು, ಹೆಂಗಸರು, ಮಕ್ಕಳು ಎಷ್ಟು ಭಾರ ಎತ್ತಬಹುದು ಅನ್ನೋ ಮಿತಿಯನ್ನು ರಾಜ್ಯ ಸರ್ಕಾರ ನಿಗದಿ ಮಾಡಬಹುದಿತ್ತು. ಮುಂಬೈಯಲ್ಲಿ ತಲೆ ಮೇಲೆ ಮೂಟೆ ಹೊರುವ ‘ಮಾಥಾಡಿ’ ಕಾರ್ಮಿಕರು ಅಣ್ಣಾಸಾಹೇಬ್ ಪಾಟೀಲರ ಮುಂದಾಳತ್ವದಲ್ಲಿ ಸಂಘ ಕಟ್ಟಿದರು. 1969ರಲ್ಲಿ ಮಹಾರಾಷ್ಟ್ರ ಸರ್ಕಾರ ಮಾಥಾಡಿ, ಹಮಾಲರಿಗಾಗಿ ಪ್ರತ್ಯೇಕ ಕಾಯ್ದೆ ಮಾಡಿತು. ಮಾಥಾಡಿ ಅನ್ನೋ ಮಾತು ಬಂದದ್ದೇ ‘ಮಾಥಾ’, ಅಂದರೆ ತಲೆ ಅನ್ನೋ ಪದದಿಂದ. ಬಂದರಿನಲ್ಲಿ, ಮಾರ್ಕೆಟ್ಟಿನಲ್ಲಿ ಗಂಡಸಿನ ತಲೆಗೆ ಕಾನೂನು ಸಿಕ್ಕಿತು. ಮನೆಗೆ ಸೌದೆ ಹೊರುವ ಹೆಂಗಸಿನ ತಲೆಗೆ ಸಿಗಲಿಲ್ಲ. ಯಾಕೆಂದರೆ ಅವಳಿಗೆ ಕೂಲಿ ಕೊಡುವವರು ಇಲ್ಲ, ಅವಳು ಮಾಡುವುದನ್ನು ಕೆಲಸ ಅಂತ ಬರೆದುಕೊಂಡವರೂ ಇಲ್ಲ.

2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಅದರಲ್ಲಿ ಕಿರು ಅರಣ್ಯ ಉತ್ಪನ್ನಗಳ ಪಟ್ಟಿಯಲ್ಲಿ ಕುರುಚಲು ಕಟ್ಟಿಗೆ, ಮರದ ಬೊಡ್ಡೆಗಳೂ ಇವೆ. ಆದರೆ 2008ರ ನಿಯಮಗಳಲ್ಲಿ ಅವನ್ನು ಸಾಗಿಸಲು ಹೇಳಿದ್ದು ಮೂರೇ ದಾರಿ: ತಲೆಹೊರೆ, ಸೈಕಲ್, ಕೈಗಾಡಿ. 2012ರಲ್ಲಿ ಆ ನಿಯಮ ತಿದ್ದಿ, ‘ಸೂಕ್ತ ಸಾಗಣೆ ವಿಧಾನ’ ಅನ್ನೋ ಅರ್ಥದ ಮಾತು ಸೇರಿಸಿದರು. ಒಂದು ಚಿಕ್ಕ ತಿದ್ದುಪಡಿ ಅನ್ನಿಸಬಹುದು. ಆದರೆ ಗಾಡಿ, ಟ್ರ್ಯಾಕ್ಟರ್ ಬಳಸುವುದೂ ಹಕ್ಕಿನ ಭಾಗ ಅಂತ ಒಪ್ಪಿಕೊಳ್ಳಲು ಅಷ್ಟು ಕಾಲ ಬೇಕಾಯಿತು.

ಭಾರ ಇಳಿಸುವ ಇನ್ನೊಂದು ದಾರಿ ಒಲೆಯ ಕಡೆಯಿಂದ ಬಂತು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಪಾತ್ರೆಗೆ ಸೇರುತ್ತದೆ. ಒಲೆ ಸುಧಾರಿಸಿ ಅರ್ಧ ಸೌದೆ ಉಳಿಸಿದರೆ, ಕಾಡಿನ ಓಡಾಟವೂ ಅರ್ಧ ಉಳಿಯುತ್ತದೆ. ಹಾಗೆ ನೋಡಿದರೆ ಒಳ್ಳೆ ಒಲೆಯೂ ಸೌದೆ ಹೊರುವ ಸಲಕರಣೆಯೇ. ಹೈದರಾಬಾದಿನ ಎಂಜಿನಿಯರಿಂಗ್ ಸಂಶೋಧನಾಲಯದಲ್ಲಿ ಎಸ್. ಪಿ. ರಾಜು ಅವರು ಹೊಗೆಯಿಲ್ಲದ ಒಲೆ ರೂಪಿಸಿ, 1953ರಲ್ಲಿ ಅದರ ಬಗ್ಗೆ ಪುಸ್ತಕ ತಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ‘ಅಸ್ತ್ರ’ ಕೇಂದ್ರ ಶುರುವಾಯಿತು. ಅವರ ತಂಡ ಕುಣಿಗಲ್ ತಾಲ್ಲೂಕಿನ ಹಳ್ಳಿಗಳಲ್ಲಿ ಸೌದೆ, ನೀರು, ಅಡುಗೆಗೆ ಯಾರು ಎಷ್ಟು ಹೊತ್ತು ದುಡಿಯುತ್ತಾರೆ ಅಂತ ಲೆಕ್ಕ ಹಾಕಿತು. ಅಸ್ತ್ರ ಒಲೆ ಕರ್ನಾಟಕದ ಎಷ್ಟೋ ಅಡುಗೆಮನೆಗೆ ಬಂತು. ಎಲ್ಲ ಕಡೆ ಬಾಳಲಿಲ್ಲ. ಕೊಳವೆಯ ಮಸಿ ತೆಗೆಯಬೇಕು, ಬಿರುಕು ಬಿಟ್ಟರೆ ಮೆತ್ತಬೇಕು. ಹೇಳಿಕೊಡುವವರು ಇದ್ದಲ್ಲಿ ಉಳಿಯಿತು, ಇಲ್ಲದ ಕಡೆ ಹಳೆ ಒಲೆಯೇ ಮರಳಿತು.

ಇವತ್ತು ತೋಟದ ಮನೆಗಳಲ್ಲಿ ಕಡಿಯಲು ಪೆಟ್ರೋಲ್ ಗರಗಸ ಇದೆ. ದಿಮ್ಮಿ ಸೀಳಲು ಎಣ್ಣೆಯ ಒತ್ತಡದಲ್ಲಿ ಬೆಣೆ ತಳ್ಳುವ ಯಂತ್ರವೂ ಸಿಗುತ್ತದೆ. ಅದು ಹಳೆ ಬೆಣೆಯದ್ದೇ ತತ್ವ, ಸಮ್ಮಟಿಗೆಯ ಜಾಗದಲ್ಲಿ ಮೋಟಾರ್ ಬಂದಿದೆ. ಗುಡ್ಡದ ಓಣಿಯಲ್ಲಿ ಚಕ್ರ ಹೋಗದ ಕಡೆ ಮಾತ್ರ ಈಗಲೂ ಸಿಂಬೆಯೇ. ಗ್ಯಾಸ್ ಬಂದಿದೆ, 2016ರಿಂದ ಉಜ್ವಲ ಯೋಜನೆಯಲ್ಲಿ ಬಡವರ ಮನೆಗೂ ಬಂದಿದೆ. ಆದರೂ ಸಿಲಿಂಡರ್ ಮುಗಿದು, ತುಂಬಿಸಲು ದುಡ್ಡಿಲ್ಲದ ವಾರದಲ್ಲಿ ಕತ್ತಿ ಹಗ್ಗ ಮತ್ತೆ ಹೊರಬರುತ್ತದೆ. ನಮ್ಮ ಅಡುಗೆಮನೆಯ ತುಂಬಿದ ಸಿಲಿಂಡರಿನಲ್ಲಿ ಗ್ಯಾಸ್ 14.2 ಕಿಲೋ, ಕಬ್ಬಿಣವೂ ಸೇರಿ ಸುಮಾರು 30 ಕಿಲೋ. ಅಂದರೆ ಸರಿಸುಮಾರು ಒಂದು ಸೌದೆ ಹೊರೆಯ ತೂಕ. ನಗರದಲ್ಲಿ ಅದನ್ನು ಸಂಬಳ ಪಡೆಯುವವರೊಬ್ಬರು ಬಾಗಿಲಿಗೆ ತಂದಿಡುತ್ತಾರೆ. ಊರಿನಲ್ಲಿ ಅಷ್ಟೇ ಭಾರವನ್ನು ಹೊರುವವಳ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಮನೆಯ ಹಿರಿಯ ಹೆಂಗಸರನ್ನು ಕೇಳಿ: ಸೌದೆಗೆ ಎಷ್ಟು ದೂರ ಹೋಗುತ್ತಿದ್ದರು, ಯಾರು ಹೊರೆ ಎತ್ತಿಕೊಡುತ್ತಿದ್ದರು, ಹೊರೆಗಲ್ಲು ಎಲ್ಲಿತ್ತು, ಗಾರ್ಡ್ ಬಂದಾಗ ಕತ್ತಿ ಎಲ್ಲಿ ಬಚ್ಚಿಡುತ್ತಿದ್ದರು. ಸಿಂಬೆಗೆ, ಹಗ್ಗದ ಗಂಟಿಗೆ, ಕೊಡಲಿಯ ಒಂದೊಂದು ಭಾಗಕ್ಕೆ ಬ್ಯಾರಿಯಲ್ಲಿ, ನವಾಯತಿಯಲ್ಲಿ, ದಖ್ಖನಿಯಲ್ಲಿ, ತುಳುವಿನಲ್ಲಿ ಏನು ಹೆಸರು ಅಂತ ಬರೆದುಕೊಳ್ಳಿ. ಅರಣ್ಯ ಇಲಾಖೆಯ ಕಡತದಲ್ಲಿ ಜಪ್ತಿಯಾದ ಕೊಡಲಿಯ ಲೆಕ್ಕ ಸಿಗಬಹುದು. ಹೊತ್ತವರ ಲೆಕ್ಕ ಇರುವುದು ಅವರ ನೆನಪಿನಲ್ಲಿ ಮಾತ್ರ, ಮತ್ತು ಅವರಿಗೆ ಈಗ ವಯಸ್ಸಾಗಿದೆ.