ಆರದ ಕೆಂಪು ಚುಕ್ಕೆ

ಹಳೆಯ ವಾಲ್ವ್ ರೇಡಿಯೋದ ಗುಂಡಿಯನ್ನು ತಿರುಗಿಸಿದಾಗ ‘ಟಕ್’ ಎಂದು ಒಂದು ಸದ್ದಾಗುತ್ತಿತ್ತು. ನನ್ನ ಓರಗೆಯ ಶ್ರೋತೃಗಳಿಗೆ ಅದು ನೆನಪಿರಬೇಕು. ಸದ್ದಾದ ಮೇಲೆ ಅರ್ಧ ನಿಮಿಷ ನಾವೂ ಕಾಯಬೇಕು, ಒಳಗಿನ ಗಾಜಿನ ಕೊಳವೆಗಳೂ ಕಾಯಬೇಕು. ಕೆಲವು ಪೆಟ್ಟಿಗೆಗಳಲ್ಲಾದರೆ ಹಸಿರು ಬಣ್ಣದ ಕಣ್ಣೊಂದು ಮೆಲ್ಲನೆ ಅರಳಬೇಕು. ಆಮೇಲೆ ದನಿ. ರಾತ್ರಿಯ ವಾರ್ತೆ ಮುಗಿದೊಡನೆ ನನ್ನ ತಂದೆಯವರು ಅದೇ ಗುಂಡಿಯನ್ನು ಹಿಂದಕ್ಕೆ ತಿರುಗಿಸಿ, ‘ಟಕ್’ ಎಂದುದು ಕೇಳಿದ ಮೇಲೂ ತೃಪ್ತರಾಗದೆ, ಗೋಡೆಯ ಸ್ವಿಚ್ಚನ್ನೂ ಆರಿಸಿ ಮಲಗುತ್ತಿದ್ದರು.

ಮನೆಯ ವಿದ್ಯುನ್ಮಾನ ಸಾಧನಗಳನ್ನು ಪರಿಸರಕ್ಕೆ ಹೊರೆಯಾಗದಂತೆ ಬಳಸುವುದು ಹೇಗೆ ಎಂಬ ವಿಷಯವನ್ನು ಕುರಿತು ಮಾತನಾಡಬೇಕೆಂದಾಗ ನನಗೆ ಮೊದಲು ನೆನಪಾದುದು ಆ ಸದ್ದು. ಅದು ನಮ್ಮ ಮನೆಗಳಿಂದ ಕಾಣೆಯಾದುದಕ್ಕೆ ಒಂದು ಇತಿಹಾಸವಿದೆ.

1956ರಲ್ಲಿ ಅಮೆರಿಕದ ಜೆನಿತ್ ಕಂಪೆನಿ ರಾಬರ್ಟ್ ಆಡ್ಲರ್ ಎಂಬ ವಿಜ್ಞಾನಿ ರೂಪಿಸಿದ ಒಂದು ದೂರನಿಯಂತ್ರಕವನ್ನು ಮಾರುಕಟ್ಟೆಗೆ ತಂದಿತು. ಕುಳಿತಲ್ಲಿಂದಲೇ ಟೆಲಿವಿಷನ್ನಿನ ಚಾನೆಲ್ ಬದಲಿಸುವ ಸಾಧನ. ಇದರ ಸೋಜಿಗವೆಂದರೆ ಕೈಯಲ್ಲಿ ಹಿಡಿಯುವ ಆ ಪೆಟ್ಟಿಗೆಗೆ ಬ್ಯಾಟರಿಯೇ ಬೇಕಿರಲಿಲ್ಲ. ಗುಂಡಿಯನ್ನೊತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಸಲಾಕೆಯೊಂದಕ್ಕೆ ಬಡಿಯುವುದು. ಮನುಷ್ಯನ ಕಿವಿಗೆ ನಿಲುಕದ ನಾದ ಹೊಮ್ಮುವುದು. ಟೆಲಿವಿಷನ್ ಅದನ್ನು ಕೇಳಿಸಿಕೊಂಡು ನಡೆಯುವುದು. ದೇವಸ್ಥಾನದ ಗಂಟೆಯಷ್ಟೇ ಸರಳವಾದ ಯಂತ್ರ. ಆದರೆ ಕರೆಯನ್ನು ಕೇಳಿಸಿಕೊಳ್ಳುವವನು ಎಚ್ಚರವಾಗಿರಬೇಕಷ್ಟೆ! ದೂರದಿಂದ ಹೊತ್ತಿಸಬೇಕಾದ ಯಂತ್ರದ ಕಿವಿ ಸದಾ ತೆರೆದಿರಬೇಕು, ಆ ಕಿವಿಗೆ ಸದಾ ವಿದ್ಯುತ್ತು ಹರಿಯುತ್ತಿರಬೇಕು. ಮುಂದೆ ಅಮೆರಿಕದಲ್ಲಿ ಅರ್ಧ ನಿಮಿಷದ ಕಾಯುವಿಕೆಯೂ ಅಸಹನೀಯವೆನಿಸಿ, ಆರಿಸಿದ ಮೇಲೂ ಕೊಳವೆಗಳನ್ನು ಬೆಚ್ಚಗೇ ಇಟ್ಟುಕೊಳ್ಳುವ ಟೆಲಿವಿಷನ್ನುಗಳು ಬಂದವು. ಯಾರೂ ನೋಡದ ಪೆಟ್ಟಿಗೆ ಇಡೀ ರಾತ್ರಿ ಕಾದು ಕುಳಿತಿರುತ್ತಿತ್ತು. ‘ಕಾದು’ ಎಂಬ ನಮ್ಮ ಮಾತಿನ ಎರಡು ಅರ್ಥಗಳಲ್ಲಿಯೂ.

ನಮ್ಮ ದೇಶಕ್ಕೆ ಬಣ್ಣದ ಟೆಲಿವಿಷನ್ ಬಂದುದು 1982ರಲ್ಲಿ. ಆಮೇಲೆ ಅವಗೆಂಪು ಕಿರಣದ ರಿಮೋಟು ಬಂತು. 2012ರಿಂದ ಮಹಾನಗರಗಳಲ್ಲಿ ಆರಂಭಿಸಿ ಕೇಬಲ್ ಸಂಪರ್ಕಕ್ಕೆ ಸೆಟ್-ಟಾಪ್ ಬಾಕ್ಸ್ ಕಡ್ಡಾಯವಾಯಿತು. ‘ಆರಿದೆ’ ಎಂಬುದಕ್ಕೂ ‘ಉರಿಯುತ್ತಿದೆ’ ಎಂಬುದಕ್ಕೂ ನಡುವೆ ಮೂರನೆಯದೊಂದು ಅವಸ್ಥೆ ಹುಟ್ಟಿಕೊಂಡಿತು. ಆ ಕೆಂಪು ಚುಕ್ಕೆ ಅದರ ಗುರುತು.

ಅದು ಎಷ್ಟು ವಿದ್ಯುತ್ತನ್ನು ನುಂಗುತ್ತದೆಂಬುದನ್ನು 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕಲಿ ಪ್ರಯೋಗಾಲಯದ ಅಲನ್ ಮೈಯರ್ ಮೊದಲಾದವರು ಅಳೆಯತೊಡಗಿದರು. 1999ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು, ಸುಮ್ಮನಿರುವ ಯಾವ ಸಾಧನವೂ ಒಂದು ವ್ಯಾಟಿಗಿಂತ ಹೆಚ್ಚು ಬಳಸಬಾರದೆಂಬ ಗುರಿಯನ್ನು ಮುಂದಿಟ್ಟಿತು. ಐರೋಪ್ಯ ಒಕ್ಕೂಟವು 2010ರಲ್ಲಿ ಹಲವು ಸಾಧನಗಳಿಗೆ ಅದನ್ನು ನಿಯಮವನ್ನಾಗಿಸಿ, 2013ರಲ್ಲಿ ಮಿತಿಯನ್ನು ಅರ್ಧ ವ್ಯಾಟಿಗೆ ಇಳಿಸಿತು. ನಮ್ಮಲ್ಲಿ 2006ರಿಂದ ನಕ್ಷತ್ರ ಚೀಟಿಗಳ ಪದ್ಧತಿಯಿದೆ. ಎಲ್‌ಇಡಿ ದೀಪಗಳು ಮನೆಮನೆಗೂ ಬಂದಿವೆ. ಇವೆಲ್ಲ ಒಳ್ಳೆಯವೇ. ಆದರೂ ನನ್ನ ಮನೆಯ ಸೆಟ್-ಟಾಪ್ ಬಾಕ್ಸ್ ಎಷ್ಟು ಕುಡಿಯುತ್ತದೆ ನೋಡೋಣವೆಂದು ಪರಿಚಯದ ಎಲೆಕ್ಟ್ರೀಷಿಯನ್ನರಿಂದ ಮೀಟರೊಂದನ್ನು ಎರವಲು ತಂದು ನೋಡಿದರೆ, ರಿಮೋಟಿನಿಂದ ಆರಿಸಿದ ಮೇಲೂ ಅದು ಹನ್ನೊಂದು ವ್ಯಾಟುಗಳನ್ನು ತೋರಿಸುತ್ತಿತ್ತು.

ಲೆಕ್ಕ ಕಠಿಣವಲ್ಲ. ದಿನಕ್ಕೆ ನಾಲ್ಕು ಗಂಟೆ ಟೆಲಿವಿಷನ್ ನೋಡುವ ಮನೆಯಲ್ಲಿ ಮಿಕ್ಕ ಇಪ್ಪತ್ತು ಗಂಟೆಗೆ 220 ವ್ಯಾಟ್-ಗಂಟೆ. ವರ್ಷಕ್ಕೆ ಎಂಬತ್ತು ಯೂನಿಟ್ಟು. ಕಲ್ಲಿದ್ದಲಿನಿಂದ ಒಂದು ಯೂನಿಟ್ಟನ್ನು ಪಡೆಯಲು ನಮ್ಮ ದೇಶದಲ್ಲಿ ಸುಮಾರು ಆರೇಳುನೂರು ಗ್ರಾಂ ಸುಡಬೇಕು. ಎಂದರೆ, ಯಾರೂ ನೋಡದ ಒಂದು ಪೆಟ್ಟಿಗೆಗಾಗಿ ವರ್ಷಕ್ಕೆ ಐವತ್ತು ಕಿಲೋ, ಒಂದು ಮೂಟೆ ಕಲ್ಲಿದ್ದಲು.

ನಮ್ಮದು ನೀರಿನ ವಿದ್ಯುತ್ತಲ್ಲವೇ ಎಂದು ಯಾರಾದರೂ ಕೇಳಬಹುದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದ ನಾಡು ನಮ್ಮದು. ಆ ಹೆಮ್ಮೆ ಸಹಜ. ಆದರೆ 1985ರಲ್ಲಿ ರಾಯಚೂರಿನ ಉಷ್ಣಸ್ಥಾವರ ಕೆಲಸ ಆರಂಭಿಸಿದಂದಿನಿಂದ ಕಲ್ಲಿದ್ದಲೂ ನಮ್ಮ ದೀಪಗಳಲ್ಲಿ ಉರಿಯುತ್ತಿದೆ. ನೀರಿನ ವಿದ್ಯುತ್ತೂ ಬಿಟ್ಟಿಯಾಗಿ ಬಂದುದಲ್ಲ. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದು ಶರಾವತಿಯ ಹಿನ್ನೀರು ಏರಿದಾಗ ಸಾಗರ, ಹೊಸನಗರ ಸೀಮೆಯ ಎಷ್ಟೋ ಊರುಗಳು, ಅಡಿಕೆ ತೋಟಗಳು, ಕಾಡು ನೀರಿನ ಕೆಳಗೆ ಸೇರಿದವು. ಮನೆ ಬಿಟ್ಟು ಹೊರಟವರು ಬಾಗಿಲು, ಜಂತೆಗಳನ್ನು ಕಿತ್ತು ಗಾಡಿಗೆ ಹೇರಿಕೊಂಡು ಹೋದದ್ದನ್ನು ಆ ಕಡೆಯ ಹಿರಿಯರ ಬಾಯಲ್ಲಿ ಕೇಳಿದ್ದೇನೆ. ಆ ಕೆಂಪು ಚುಕ್ಕೆಯನ್ನು ಕಂಡಾಗಲೆಲ್ಲ ನನಗೆ ಆ ಗಾಡಿಗಳ ನೆನಪಾಗುತ್ತದೆ. ಇದು ಅತಿಯಾಯಿತೆನ್ನುವವರು ಅನ್ನಲಿ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಅಮೂಲ್ಯ ಕೆ. ಎನ್. ರೆಡ್ಡಿಯವರು 1980ರ ದಶಕದಲ್ಲಿಯೇ, ಜನರಿಗೆ ಬೇಕಾದುದು ಯೂನಿಟ್ಟುಗಳಲ್ಲ, ಬೆಳಕು ಮತ್ತು ಅನುಕೂಲಗಳು ಎಂದು ವಾದಿಸಿ, ಕರ್ನಾಟಕದ ವಿದ್ಯುತ್ ಯೋಜನೆಗಳನ್ನು ಆ ದೃಷ್ಟಿಯಿಂದ ಮರುಲೆಕ್ಕ ಹಾಕಿ ತೋರಿಸಿದ್ದರು. ಉಳಿತಾಯವೂ ಒಂದು ವಿದ್ಯುತ್ ಕೇಂದ್ರವೇ ಎಂಬಂತಿತ್ತು ಅವರ ವಿಚಾರ. ಅದಕ್ಕೆ ಆಗ ಸಲ್ಲಬೇಕಾದಷ್ಟು ಕಿವಿ ಸಲ್ಲಲಿಲ್ಲವೆಂದೇ ನನ್ನ ಅಭಿಪ್ರಾಯ.

ಫೋನಿನಂಥ ಸಣ್ಣ ಸಾಧನಗಳ ಲೆಕ್ಕ ಬೇರೆ. ಅವು ನಮ್ಮ ಮನೆಯಲ್ಲಿ ಕುಡಿಯುವ ವಿದ್ಯುತ್ತು ಅಲ್ಪ. ಪರಿಸರಕ್ಕೆ ಬೀಳುವ ಹೊರೆಯ ಬಹುಪಾಲು ಅವನ್ನು ತಯಾರಿಸುವಾಗಲೇ ಬಿದ್ದಿರುತ್ತದೆ. ಅವನ್ನು ರಿಪೇರಿ ಮಾಡಿಸಿ ಇನ್ನೆರಡು ವರ್ಷ ಬಳಸುವುದೇ ಅಲ್ಲಿ ಉಳಿತಾಯ.

ಒಂದು ಸಂಗತಿಯಲ್ಲಿ ನಾವು ಪುಣ್ಯವಂತರು. ಅಮೆರಿಕದ ಮನೆಗಳಲ್ಲಿ ಪ್ಲಗ್ಗು ಚುಚ್ಚುವ ಗೋಡೆಯ ರಂಧ್ರಕ್ಕೆ ಸಾಮಾನ್ಯವಾಗಿ ಸ್ವಿಚ್ಚೇ ಇರುವುದಿಲ್ಲ. ಬ್ರಿಟಿಷರ ಪದ್ಧತಿಯಿಂದ ಬಂದ ನಮ್ಮ ಬೋರ್ಡಿನಲ್ಲಿ ಪ್ರತಿ ಪ್ಲಗ್ಗಿನ ಪಕ್ಕದಲ್ಲಿ ಒಂದು ಸ್ವಿಚ್ಚು ಇರುತ್ತದೆ. ‘ಟಕ್’ ಎನ್ನುವ ಸದ್ದು ಪೆಟ್ಟಿಗೆಯಿಂದ ಹೋಗಿದ್ದರೂ ಗೋಡೆಯಲ್ಲಿ ಉಳಿದಿದೆ.

ನಾನು ಅದನ್ನು ಆರಿಸತೊಡಗಿದಾಗ ಮನೆಯಲ್ಲಿ ಆಕ್ಷೇಪವೆದ್ದಿತು. ಸೆಟ್-ಟಾಪ್ ಬಾಕ್ಸ್ ಮತ್ತೆ ಎಚ್ಚೆತ್ತು ಚಾನೆಲ್ಲುಗಳನ್ನು ಹುಡುಕಿಕೊಳ್ಳಲು ಎರಡು ಮೂರು ನಿಮಿಷ ಬೇಕು. ಅಷ್ಟು ಹೊತ್ತು ಯಾರು ಕೂತಿರುತ್ತಾರೆ ಎಂದು ಮಗನ ವಾದ. ಕೊನೆಗೆ ನನ್ನ ಹೆಂಡತಿಯೇ ದಾರಿ ಕಂಡುಹಿಡಿದಳು. ಬೆಳಿಗ್ಗೆ ಫಿಲ್ಟರಿಗೆ ಕಾಫಿ ಪುಡಿ ಹಾಕಿ ಬಿಸಿನೀರು ಸುರಿದು, ಹಾಗೆಯೇ ಬಂದು ಗೋಡೆಯ ಸ್ವಿಚ್ಚನ್ನು ಒತ್ತಿ ಹೋಗುತ್ತಾಳೆ. ಡಿಕಾಕ್ಷನ್ ಇಳಿಯುವ ಹೊತ್ತಿಗೆ ಪೆಟ್ಟಿಗೆಯೂ ಸಿದ್ಧವಾಗಿ, ವಾರ್ತೆ ಶುರುವಾಗಿರುತ್ತದೆ.